ಹಂಗಾಮಿ ಹಣೆಪಟ್ಟಿ ಸಾಕು
ಬೆಂಗಳೂರು ಎಫ್‌ಸಿಯಲ್ಲಿ ಋತುವಿನ ನಡುವೆ ಕೋಚ್ ಕುರ್ಚಿ ಖಾಲಿಯಾದಾಗ ನೆನಪಾಗುವುದು ನಮ್ಮ ಮಾಜಿ ಆಟಗಾರರು. 2021ರ ಜನವರಿಯಲ್ಲಿ ನೌಶಾದ್ ಮೂಸಾ. 2023ರ ಡಿಸೆಂಬರ್‌ನಲ್ಲಿ ಭಾರತದ ಮಾಜಿ ನಾಯಕ ರೆನೆಡಿ ಸಿಂಗ್. ಇಬ್ಬರೂ ಹಂಗಾಮಿ. ರೆನೆಡಿ ಜಾಗಕ್ಕೆ ಅದೇ ತಿಂಗಳು ಸ್ಪೇನ್‌ನ ಝರಾಗೋಜಾ ಬಂದರು. ವಾರಾಣಸಿಯ ಹೆಸರು ಹೊತ್ತ ಇಂಟರ್ ಕಾಶಿ 2024–25ರ ಐ-ಲೀಗ್ ಗೆದ್ದದ್ದೂ ಸ್ಪೇನ್‌ನ ಹಬಾಸ್ ಗರಡಿಯಲ್ಲೇ. ವಿದೇಶಿ ಅನುಭವ ಬೇಡವೆಂದಲ್ಲ. ಆದರೆ ಇದೇ ಬೆಂಗಳೂರು 2018ರಲ್ಲಿ ಸಹಾಯಕರಾಗಿದ್ದ ಸ್ಪೇನ್‌ನ ಕಾರ್ಲೆಸ್ ಕ್ವಾಡ್ರಾಟ್‌ಗೆ ಬಡ್ತಿ ಕೊಟ್ಟು ಮೊದಲ ಋತುವಿನಲ್ಲೇ ಐಎಸ್‌ಎಲ್ ಗೆದ್ದಿತಲ್ಲ! ಆ ನಂಬಿಕೆ ನಮ್ಮವರ ಮೇಲೇಕಿಲ್ಲ? ಭಾರತದ ಮಾಜಿ ಮಿಡ್‌ಫೀಲ್ಡರ್ ಖಾಲಿದ್ ಜಮೀಲ್ 2017ರಲ್ಲಿ ಪುಟ್ಟ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆಲ್ಲಿಸಿಕೊಟ್ಟರು. 2025ರಲ್ಲಿ ರಾಷ್ಟ್ರೀಯ ತಂಡದ ಕೋಚ್ ಆದರು. ಆಡಿದ ಹೆಸರಿಗಷ್ಟೇ ಹುದ್ದೆ ಬೇಡ. ಸಹಾಯಕರಾಗಿ ಪಳಗಿದವರಿಗೆ ಕ್ಲಬ್ಬುಗಳು ಒಂದು ಪೂರ್ತಿ ಋತುವನ್ನಾದರೂ ಕೊಡಲಿ.