ಕಳ್ಳನ ಆಟಕ್ಕೆ ನಕ್ಕರೆ ತಪ್ಪೇನು?

ಜಪಾನಿನ ‘ಮೂರನೆಯ ಲುಪಿನ್’ ಎಂಬ ಹಾಸ್ಯ ಚಿತ್ರಮಾಲೆ ಮಕ್ಕಳಿಗೆ ಕಳ್ಳತನ ಕಲಿಸುತ್ತದೆಂದು ಬಾಗಲಕೋಟೆಯ ಕೆಲವು ಹಿರಿಯರ ವಾದ. ನಾನಿದನ್ನು ಒಪ್ಪಲಾರೆ. ಬೆಣ್ಣೆಗಳ್ಳನ ‘ಶ್ರೀಕೃಷ್ಣ ಪಾರಿಜಾತ’ವನ್ನು ಬೆಳಗಾಗುವತನಕ ಕೂತು ನೋಡಿದ ನಾಡು ನಮ್ಮದು. ಭಾಮೆಯ ಮುನಿಸಿಗೆ ಸಿಕ್ಕಿ ಜಗದೊಡೆಯ ಪೇಚಾಡುವಾಗ ನಕ್ಕವರಾರೂ ಮರುದಿನ ನೆರೆಮನೆಯ ಗಡಿಗೆಗೆ ಕೈಹಾಕಲಿಲ್ಲ. ಲುಪಿನ್ನನ ಪಾಡೂ ಅಂಥದೇ. ಅವನು ಹೆಣಗಿ ದೋಚಿದ್ದನ್ನು ಎಷ್ಟೋ ಸಲ ಫುಜಿಕೊ ಎಂಬಾಕೆ ಹಾರಿಸಿಕೊಂಡು ಹೋಗುತ್ತಾಳೆ. ಬೆನ್ನಿಗೆ ಬೇಡಿ ಹಿಡಿದ ಇನ್‌ಸ್ಪೆಕ್ಟರ್ ಝೆನಿಗಾತ ಬೇರೆ! ಇದರಲ್ಲಿ ಕಳ್ಳತನದ ಆಸೆ ಹುಟ್ಟಿಸುವಂಥದೇನಿದೆ?

ನೋಡುಗರ ತೀರ್ಪೂ ಒಂದೇ ಪೆಟ್ಟಿಗೆ ಮುಗಿಯುವುದಲ್ಲ. 1971ರಲ್ಲಿ ಟೆಲಿವಿಷನ್ನಿಗೆ ಬಂದ ಈ ಮಾಲೆ, ನೋಡುವವರು ಸಾಲದೆ 23 ಕಂತಿಗೇ ನಿಂತಿತು. ಮರುಪ್ರಸಾರದಲ್ಲಿ ಜನ ಮೆಚ್ಚಿದರು. 1977ರಲ್ಲಿ ಮೊದಲಾದ ಎರಡನೆಯ ಮಾಲೆ 155 ಕಂತು ನಡೆಯಿತು.

ಆಕ್ಷೇಪಿಸಲೇಬೇಕಾದುದು ಬೇರೆಯೇ ಇದೆ. ಹೆಂಗಸರ ಬೆನ್ನುಹತ್ತುವುದನ್ನೇ ಅದು ಪದೇ ಪದೇ ವಿನೋದವೆಂದು ಬಡಿಸುತ್ತದೆ. ನಮ್ಮ ಆಟದಲ್ಲಿ ಭಾಮೆ ಗಂಡನಿಂದ ಲೆಕ್ಕ ಕೇಳುತ್ತಾಳೆ. ಇಲ್ಲಿ ಕೇಳುವವರು ಕಡಿಮೆ. ಹಿರಿಯರು ‘ಕಳ್ಳ, ಕಳ್ಳ’ ಎಂದು ಮುಂಬಾಗಿಲಲ್ಲಿ ಕೂಗುತ್ತ ನಿಂತರೆ, ನಿಜವಾದ ತಪ್ಪು ಹಿತ್ತಲಿನಿಂದ ಪಾರಾಗುತ್ತದೆ. ಕಾವಲುಗಾರರೇ, ಸ್ವಲ್ಪ ಹಿಂದಕ್ಕೂ ನೋಡಿರಿ.