ಪರದೇಶದಲ್ಲಿ ನೆಮ್ಮದಿ

ನನ್ನ ಮಗ ದುಬೈಗೆ ಹೋಗಿ ಒಂದು ವರ್ಷವಾಗುತ್ತ ಬಂದಿತು. ತಿಂಗಳು ತಿಂಗಳು ಹಣ ಬರುತ್ತದೆ. ಫೋನಿನಲ್ಲಿ ಮುಖವೂ ಕಾಣುತ್ತದೆ. ಆದರೆ "ಹೇಗಿದ್ದೀಯಪ್ಪ?" ಎಂದರೆ "ಚೆನ್ನಾಗಿದ್ದೇನೆ" ಎಂಬ ಒಂದೇ ಉತ್ತರ. ಅದನ್ನು ಕೇಳಿದ ಮೇಲೆ ಅವನ ತಾಯಿ ಬಹಳ ಹೊತ್ತು ಸುಮ್ಮನೆ ಕುಳಿತಿರುತ್ತಾಳೆ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿದ ಮನೆಗಳಿಗೆಲ್ಲ ಈ ಮೌನದ ಪರಿಚಯ ಇದ್ದೇ ಇರುತ್ತದೆ.

ಈಚೆಗೆ ಒಂದು ಮದುವೆಗಾಗಿ ಕೊಪ್ಪಳ ಜಿಲ್ಲೆಯ ಸಿದ್ದಾಪುರಕ್ಕೆ ಹೋಗಿದ್ದೆ. ಎತ್ತ ನೋಡಿದರೂ ಭತ್ತದ ಗದ್ದೆ. ಹಿಂದೆ ಇದು ಜೋಳ, ಹತ್ತಿ ಬೆಳೆಯುತ್ತಿದ್ದ ಒಣಭೂಮಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಡಲಾರಂಭಿಸಿದ ಮೇಲೆ, ಕೃಷ್ಣಾ-ಗೋದಾವರಿ ಸೀಮೆಯ ರೈತ ಕುಟುಂಬಗಳು ಇಲ್ಲಿಗೆ ಬಂದು ಹೊಲ ಕೊಂಡು ನೆಲೆಸಿದವು. ಅವರ ವಸತಿಗಳನ್ನು ಜನ ಇಂದಿಗೂ 'ಕ್ಯಾಂಪು' ಎಂದೇ ಕರೆಯುತ್ತಾರೆ. ತಲೆಮಾರುಗಳು ಉರುಳಿದರೂ ಹೆಸರು ಮಾತ್ರ ನಾಲ್ಕು ದಿನ ತಂಗಲು ಬಂದವರದು!

ಅಂಥ ಒಂದು ಕ್ಯಾಂಪಿನ ವೃದ್ಧೆಯೊಬ್ಬರು ಮದುವೆಯ ಮನೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದರು. ಹೊಸ ಮದುವಣಗಿತ್ತಿಯಾಗಿ ಬಂದವರಂತೆ. "ಮೊದಲು ಹೇಗಿತ್ತಮ್ಮ?" ಎಂದೆ.

"ಎರಡು ವರ್ಷ ಟ್ರಂಕು ಪೂರಾ ಬಿಚ್ಚಿರಲಿಲ್ರಿ. ಇವತ್ತು ನಾಳೆ ಹೊಳ್ಳಿ ಹೋಗೋದೈತಿ ಅನ್ನೋ ಮನಸ್ಸು. ಆಮೇಲೆ ಯಜಮಾನ್ರು ಬಾಗಿಲ ಮುಂದ ಎರಡು ತೆಂಗಿನ ಸಸಿ ಹಚ್ಚಿದ್ರು. ದಿನಾ ನೀರು ಹಾಕಬೇಕಲ್ರಿ? ಆವತ್ತು ಟ್ರಂಕು ಬಿಚ್ಚಿದೆ."

ಕನ್ನಡವನ್ನು ಅವರು ಕಲಿತದ್ದು ನಾಟಿಗೆ ಬರುತ್ತಿದ್ದ ಹೆಂಗಸರಿಂದ. ಮೊದಲು ಕಲಿತ ಮಾತು "ಊಟ ಆತೇನ್ರಿ?" ರೊಟ್ಟಿ ಬಡಿಯಲು ಕಲಿಸಿದವರೂ ಅವರೇ. ಇಲ್ಲಿ ಮರೆಯಬಾರದ ಮಾತೊಂದುಂಟು. ಗದ್ದೆ ಮಾಡಲು ಬಂಡವಾಳವಿಲ್ಲದೆ ಅಗ್ಗಕ್ಕೆ ಹೊಲ ಮಾರಿ, ಕೂಲಿಗೆ ನಿಂತ ಊರವರೂ ಇದ್ದರು. ಬಂದವರು ಹಣದ ಗರ್ವದಿಂದ ಬಾಗಿಲು ಮುಚ್ಚಿಕೊಂಡಿದ್ದರೆ ಮನೆ ತುಂಬ ಭತ್ತವಿದ್ದೂ ಬಾಳು ಬರಿದಾಗುತ್ತಿತ್ತು. ಮೊದಲು ಇದ್ದವರನ್ನು ವಿಚಾರಿಸಿಕೊಳ್ಳುವುದು ಆಮೇಲೆ ಬಂದವರ ಧರ್ಮ. ಅವರ ನೆಮ್ಮದಿಯ ಬುಡವೂ ಅದೇ.

ಊರಿಗೆ ಮರಳಿ ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ನಕ್ಕು, "ಅಪ್ಪಾ, ಇಲ್ಲಿ ನೌಕರಿ ಹೋದರೆ ವೀಸಾವೂ ಹೋಗುತ್ತದೆ. ತೆಂಗಿನ ಸಸಿ ಯಾರಿಗಾಗಿ ನೆಡಲಿ?" ಎಂದ. ಅವನ ಮಾತು ಸುಳ್ಳಲ್ಲ. ಆದರೆ ಕಾಯಿ ಕೀಳುವವರೆಗೆ ಇಲ್ಲಿರುವೆವೆಂಬ ಭರವಸೆ ಆ ತಾಯಿಗಾದರೂ ಎಲ್ಲಿತ್ತು? ಇರುವಷ್ಟು ದಿನ ಇರುವ ಮನೆಯಲ್ಲಿ ಬಾಳಬೇಕು. ಮನಸ್ಸನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಬಾರದು.

ತನ್ನವರ ಕೂಟವೂ ಬೇಕು, ನಿಜ. ಮುಂಬಯಿಯಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿದ್ದೂ, ಇಂಗ್ಲೆಂಡಿನಲ್ಲಿ 1983ರಲ್ಲಿ ಕನ್ನಡ ಬಳಗ ಹುಟ್ಟಿದ್ದೂ ಈ ಹಸಿವಿನಿಂದಲೇ. ಹಬ್ಬದ ದಿನ ನಾಲ್ಕು ಕನ್ನಡದ ಮಾತು ಕಿವಿಗೆ ಬಿದ್ದರೆ ವಾರದ ಆಯಾಸ ಇಳಿಯುತ್ತದೆ. ಆದರೆ ಹಬ್ಬ ವರ್ಷಕ್ಕೆ ಕೆಲವೇ ದಿನ. ನೆರೆಯವನು ದಿನವೂ ಎದುರಾಗುವವನು. ಅವನ ಭಾಷೆಯಲ್ಲಿ "ಊಟವಾಯಿತೆ?" ಎಂದು ಕೇಳಲು ಬಂದರೆ ಪರದೇಶದ ಅರ್ಧ ಭಾರ ಇಳಿದಂತೆಯೇ.

ಮನೆಯಲ್ಲಿರುವ ನಮ್ಮ ತಪ್ಪೂ ಇದೆ. "ರಜೆ ಯಾವಾಗ? ಹಣ ಕಳುಹಿಸಿದೆಯಾ?" ಈ ಎರಡು ಪ್ರಶ್ನೆಗಳನ್ನೇ ವರ್ಷವೆಲ್ಲ ಕೇಳಿ, ಅವನ ಟ್ರಂಕಿಗೆ ಬೀಗ ಹಾಕಿದವರು ನಾವೇ. ಕಳೆದ ವಾರ ಅವನ ತಾಯಿ ಹೊಸದೊಂದನ್ನು ಕೇಳಿದಳು: "ನಿನ್ನ ಪಕ್ಕದ ಕೋಣೆಯಲ್ಲಿ ಯಾರಿದ್ದಾರೋ?"

ಅವನು ಸ್ವಲ್ಪ ತಡೆದು, "ಕೇರಳದವನೊಬ್ಬನಿದ್ದಾನೆ. ಹೆಸರು ಕೇಳಿಲ್ಲಮ್ಮ" ಎಂದ.

"ಕೇಳಿ ಹೇಳು" ಎಂದಳು.

ನಿನ್ನೆ ರಾತ್ರಿ ಫೋನು ಮಾಡಿದವನು ಅವನೇ. ಹೆಸರು ಹೇಳಿದ. ಆ ಹುಡುಗ ತಂದುಕೊಟ್ಟ ಮೀನಿನ ಸಾರನ್ನು ಸಸ್ಯಾಹಾರಿಯಾದ ತಾನು ಹೇಗೆ ತಪ್ಪಿಸಿಕೊಂಡೆನೆಂಬುದನ್ನೂ ಹೇಳಿದ. ಅವನ ತಾಯಿ ನಗುತ್ತಲೇ ಇದ್ದಳು. ಹಣದ ಮಾತು ಕೇಳಲು ಇಬ್ಬರಿಗೂ ಮರೆತೇ ಹೋಯಿತು.