ಅಂಗಳದ ವೆಲ್ಡಿಂಗ್ ಮತ್ತು ರಸ್ತೆಯ ಗದ್ದಲ

ಮಧ್ಯಾಹ್ನದ ಮೊದಲ ಪಿರಿಯಡ್ ನಡೆಯುತ್ತಿರುವಾಗ ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಒಂದು ಕಾರು ಕದಿನ ಸಿಡಿದಂತೆ ಸದ್ದು ಮಾಡುತ್ತ ಹೋಗುತ್ತದೆ. ಅದು ತಿರುವು ದಾಟುವವರೆಗೆ ನಾವು ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲಬೇಕು. ಸೈಲೆನ್ಸರ್ ಕಿತ್ತು ಮನೆಯಂಗಳದಲ್ಲೇ ಬೇರೆ ಕೊಳವೆ ವೆಲ್ಡಿಂಗ್ ಮಾಡಿ ಕೂಡಿಸಿದ್ದೆಂದು ಹಿಂದಿನ ಬೆಂಚಿನ ಹುಡುಗರು ವಿವರ ಕೊಡುತ್ತಾರೆ. ಇಂತಹ ಕೆಲಸ ಮಾಡುವವರನ್ನು ಪೋಕರಿಗಳೆಂದು ಬೈದು ಮುಗಿಸುವುದು ಸುಲಭ. ನಾವೂ ಹಾಗೆಯೇ ಬೈಯುತ್ತಿದ್ದೆವು. ಕಳೆದ ಮಳೆಗಾಲದಲ್ಲಿ ನಮ್ಮ ಅಭಿಪ್ರಾಯ ಅರ್ಧ ಬದಲಾಯಿತು, ಅರ್ಧ ಹಾಗೆಯೇ ಉಳಿಯಿತು. ಆ ಎರಡನ್ನೂ ಓದುಗರ ಮುಂದಿಡುತ್ತಿದ್ದೇವೆ.

ನಮ್ಮಲ್ಲಿ ಒಂದು ಹಳೆಯ ಮಾರುತಿ 800 ಇದೆ. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ಅದಕ್ಕಿಂತ ದೂರ ಅದು ಹೋಗುವುದು ಅಪರೂಪ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಅಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಓಟದಲ್ಲಿ ಕೊಳವೆ ಬಿಸಿಯೇರಿ ಆ ನೀರು ಹೊರಗೆ ಹೋಗುತ್ತದೆ. ನಾಲ್ಕು ಕಿಲೋಮೀಟರಿನಲ್ಲಿ ಅದು ಒಳಗೇ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಹೊರಗಿನಿಂದ ನಮ್ಮ ಕರಾವಳಿಯ ಉಪ್ಪುಗಾಳಿ ತಿನ್ನುತ್ತದೆ. ಕೊಳವೆ ತೂತಾಯಿತು. ಗ್ಯಾರೇಜಿನವರು ಎಲ್ಲವನ್ನೂ ಬದಲಾಯಿಸಬೇಕೆಂದು 5,500 ರೂಪಾಯಿ ಹೇಳಿದರು.

ಆಗ ನೆನಪಾದವನು ನಮ್ಮ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯನ್ನು ಹೇಗೋ ದಾಟಿದವನು. ಗೇಟು, ಕಿಟಕಿ ಸರಳುಗಳ ಕೆಲಸ ಕಲಿತು, ಸಣ್ಣದೊಂದು ವೆಲ್ಡಿಂಗ್ ಯಂತ್ರ ಕೊಂಡು ಮನೆಯಲ್ಲೇ ದುಡಿಯುತ್ತಾನೆ. ಕಾರಿನ ಅಡಿಗೆ ತೂರಿ ನೋಡಿ, "ಮಾಸ್ಟ್ರೇ, ಸೈಲೆನ್ಸರಿಗೆ ಏನೂ ಆಗಿಲ್ಲ. ನಡುವಿನ ಒಂದೂವರೆ ಗೇಣು ಮಾತ್ರ ಹೋದದ್ದು" ಎಂದ. ಕೊಳವೆಯನ್ನು ಕಾರಿನಿಂದ ಪೂರ್ತಿ ಬಿಚ್ಚಿ, ಒಣ ಮಾಡಿನಡಿ ತಂದಿಟ್ಟ. ತುಕ್ಕು ಹಿಡಿದ ಭಾಗ ಕತ್ತರಿಸಿ, ಎರಡು ತುದಿಗಳನ್ನೂ ಹೊಳೆಯುವವರೆಗೆ ಉಜ್ಜಿ, ಅದೇ ಅಳತೆಯ ಹೊಸ ತುಂಡು ಕೂರಿಸಿದ. ತೆಳು ಕೊಳವೆಗೆ ಕರೆಂಟು ಹೆಚ್ಚಾದರೆ ಬೆಸುಗೆಯ ಬದಲು ತೂತೇ ಬೀಳುತ್ತದೆಂದು 2 ಮಿಲಿಮೀಟರ್ ರಾಡನ್ನೇ ಬಳಸಿದ. ಮೊದಲು ನಾಲ್ಕು ಕಡೆ ಚುಕ್ಕೆಯಿಟ್ಟು, ಕಾರಿಗೆ ಹಿಡಿದು ನೋಡಿ, ಆಮೇಲೆ ಒಂದು ಬದಿಗೆ ಸ್ವಲ್ಪ, ಎದುರು ಬದಿಗೆ ಸ್ವಲ್ಪ ಎಂದು ಬೆಸೆಯುತ್ತ ಹೋದ. ಇಲ್ಲವಾದರೆ ಕೊಳವೆ ಬಾಗುತ್ತದಂತೆ. ಕೊನೆಗೆ ಒಂದು ತುದಿ ಮುಚ್ಚಿ, ಇನ್ನೊಂದರಿಂದ ಗಾಳಿ ಹಾಕಿ, ಬೆಸುಗೆಯ ಮೇಲೆ ಸಾಬೂನು ನೀರು ಸವರಿ ಗುಳ್ಳೆ ಏಳುವುದೇ ಎಂದು ಪರೀಕ್ಷಿಸಿದ. ಒಟ್ಟು ಖರ್ಚು 900 ರೂಪಾಯಿ. ತರಗತಿಯಲ್ಲಿ ನಾವು ಅವನಿಗೆ ಕೊಟ್ಟ ಅಂಕಗಳ ನೆನಪಾಗಿ ನಾಚಿಕೆಯಾಯಿತು.

ಈ ಕೆಲಸದಲ್ಲಿ ಅಗ್ಗವೆಂಬುದು ಕೆಲವೊಮ್ಮೆ ದುಬಾರಿಯಾಗುವುದುಂಟು. ಆರಂಭದಲ್ಲಿ ಅವನು ಗುಜರಿಯಿಂದ ಸತುವು ಲೇಪಿಸಿದ ಹಳೆಯ ನೀರಿನ ಪೈಪು ತಂದು ಮುಚ್ಚಿದ ಕೋಣೆಯಲ್ಲಿ ಬೆಸೆದಿದ್ದನಂತೆ. ಸತುವು 907 ಡಿಗ್ರಿ ಸೆಲ್ಸಿಯಸಿನಲ್ಲೇ ಆವಿಯಾಗುತ್ತದೆ. ವೆಲ್ಡಿಂಗಿನ ಕಿಡಿಯ ತಾಪ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ಹೊಗೆ ಕುಡಿದು ರಾತ್ರಿ ಮೈ ನಡುಗುವ ಜ್ವರ ಬಂತು. ಮನೆಯವರು ಮಲೇರಿಯಾವೆಂದು ಗಾಬರಿಗೊಂಡರು. ಇನ್ನು ಬೆಸುಗೆ ಸೋರಿದರೆ ಅಪಾಯ ಕಾರಿನೊಳಗೆ ಕುಳಿತವರಿಗೆ. ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ಮಳೆಗೆ ಗಾಜು ಏರಿಸಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇದನ್ನು ಮರೆಯಬಾರದು.

ಇದು ಮೊದಲಿನ ಅರ್ಧ. ಎರಡನೆಯ ಅರ್ಧವನ್ನು ಅವನ ಬಾಯಿಂದಲೇ ಕೇಳಬೇಕಾಯಿತು. ನಮ್ಮ ಪಾಠ ನಿಲ್ಲಿಸುವ ಆ ಕಾರಿನ ಕೊಳವೆಯೂ ಅವನದೇ ಕೈಕೆಲಸ! "ಯಾಕೆ ಮಾಡಿದೆ ಮಾರಾಯ?" ಎಂದು ಕೇಳಿದೆವು. "ಮಳೆಗಾಲದಲ್ಲಿ ಗೇಟಿನ ಕೆಲಸ ಇರುವುದಿಲ್ಲ ಮಾಸ್ಟ್ರೇ. ಸೈಲೆನ್ಸರ್ ಸರಿಮಾಡಿಸಲು ಯಾರೂ ಬರುವುದಿಲ್ಲ, ಕೀಳಿಸಲು ಬರುತ್ತಾರೆ" ಎಂದ.

ಸದ್ದು ಹೆಚ್ಚಾದರೆ ಶಕ್ತಿ ಹೆಚ್ಚಾಯಿತೆಂಬುದು ಭ್ರಮೆ. 796 ಸಿಸಿಯ ಎಂಜಿನ್ ಗರ್ಜಿಸಿದ ಮಾತ್ರಕ್ಕೆ ದೊಡ್ಡದಾಗದು. ಕೆಲವರು ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ, ಅದರೊಳಗಿನ ಪ್ಲಾಟಿನಂ, ಪಲ್ಲೇಡಿಯಂಗಳ ಆಸೆಗೆ, ಕಿತ್ತು ಮಾರುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಬಳಿಕ ಶಬ್ದ ಮತ್ತು ಹೊಗೆಯ ನಿಯಮ ಮೀರಿದವರಿಗೆ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು. ಇದ್ದುದನ್ನು ಇದ್ದಂತೆಯೇ ಸರಿಪಡಿಸುವುದು ಒಂದು, ಇರಬೇಕಾದುದನ್ನು ಕಿತ್ತೆಸೆಯುವುದು ಮತ್ತೊಂದು.

ಆದರೆ ದಂಡವೊಂದರಿಂದಲೇ ಇದು ನಿಲ್ಲುವುದೆಂದು ನಮಗೆ ತೋರುವುದಿಲ್ಲ. ಕೈಯಲ್ಲಿ ಕೆಲಸವಿರುವ ಹುಡುಗನಿಗೆ ನಾವು ಸರಿಯಾದ ಕೆಲಸ ಕೊಡಬೇಕು. ತೂತು ಬಿದ್ದ ಕೊಳವೆಯನ್ನು ಪೂರಾ ಎಸೆಯುವ ಮೊದಲು ಊರಿನ ಬಲ್ಲವನಿಗೊಮ್ಮೆ ತೋರಿಸೋಣ. ಚೌಕಾಸಿ ಮಾಡದೆ ಕೂಲಿ ಕೊಡೋಣ. ಸತುವಿನ ಹೊಗೆ, ಕಣ್ಣಿನ ರಕ್ಷಣೆ, ಒದ್ದೆ ನೆಲದ ಅಪಾಯ, ಇವನ್ನು ಶಾಲೆಗಳಲ್ಲಿ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ವರ್ಷಕ್ಕೊಂದು ದಿನವಾದರೂ ಹೇಳಿಕೊಡೋಣ. ಅವನೇ ಬಂದು ಹೇಳಿದರೆ ನಮಗಿಂತ ಚೆನ್ನಾಗಿ ಹೇಳಿಯಾನು.

ಆ ಕಾರಿಗೆ ಮತ್ತೆ ಸೈಲೆನ್ಸರ್ ಕೂಡಿಸಿಕೊಡಲು ಅವನು ಸಿದ್ಧ, ಕೂಲಿಯೂ ಬೇಡವಂತೆ. ಕಾರಿನ ಯಜಮಾನರು ಮಾತ್ರ ಇನ್ನೂ ಬಂದಿಲ್ಲ. ಅವರು ಈ ಪತ್ರಿಕೆ ಓದುವವರಾದರೆ, ಬರುವ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮೊದಲಾದರೂ ಆ ಅಂಗಳಕ್ಕೆ ಹೋಗಿಬರಬೇಕೆಂದು ವಿನಂತಿ.